ಸೌನಾ ಇಲ್ಲದೆ ಜಾಕಿ ತೂಕ: ನನ್ನ ಅನುಭವ

ರೇಸಿನ ಹಿಂದಿನ ಎರಡು ದಿನ ಜಾಕಿಗಳಿಗೆ, ಅಂದರೆ ರೇಸುಕುದುರೆ ಸವಾರರಿಗೆ, ಮುದ್ದೆ ಬಿಡಿಸಿ ಅನ್ನ ಕೊಡುತ್ತೇನೆ ಅಂದಾಗ ಬೆಂಗಳೂರು ರೇಸ್‌ಕೋರ್ಸಿನಲ್ಲಿ ನಕ್ಕವರೇ ಹೆಚ್ಚು. ಅನ್ನ ತಿಂದರೆ ತೂಕ ಏರುತ್ತದೆ ಅನ್ನುವುದು ಎಲ್ಲರ ಲೆಕ್ಕ. ಎರಡು ಸೀಸನ್ ಕಳೆಯಿತು. ನಾನು ತೂಕ ನೋಡಿಕೊಳ್ಳುವ ನಾಲ್ಕು ಜಾಕಿಗಳಲ್ಲಿ ಒಬ್ಬರೂ ಬೆವರಿಳಿಸುವ ಬಿಸಿಕೋಣೆ ಸೌನಾ ಹೊಕ್ಕಿಲ್ಲ, ನಿಗದಿಗಿಂತ ಭಾರ, ಓವರ್‌ವೇಟ್, ಅಂತ ಹೇಳಿಸಿಕೊಂಡೂ ಇಲ್ಲ.

ಲೆಕ್ಕ ಹೀಗೆ. ಕುದುರೆ ಒಟ್ಟು 53 ಕೆಜಿ ಹೊರಬೇಕಾದರೆ ಜೀನು, ಪಟ್ಟಿ, ರಿಕಾಪು, ಬೂಟು, ಬಟ್ಟೆ ಸೇರಿ ಒಂದೂವರೆ ಕೆಜಿ ಹೋಗುತ್ತದೆ, ಮೈತೂಕ 51.5 ಇರಬೇಕು. 55 ಇರುವವನನ್ನು ಮೂರು ದಿನದಲ್ಲಿ ಅಲ್ಲಿಗೆ ತರುವುದು ಬರೀ ನೀರು ಹಿಂಡುವ ಕೆಲಸ. ಎಂಟು ವಾರ ಕೊಡಿ. ವಾರಕ್ಕೆ 300–400 ಗ್ರಾಂ, ದಿನಕ್ಕೆ ಸುಮಾರು 400 ಕ್ಯಾಲರಿ ಕಡಿತ, ಅಷ್ಟೇ. ಪ್ರೋಟೀನ್ ಮಾತ್ರ 90 ಗ್ರಾಂಗಿಂತ ಇಳಿಯಬಾರದು, ಇಳಿದರೆ ತೊಡೆಯ ಮಾಂಸವೂ ಕರಗುತ್ತದೆ. ಬೆಳಗಿನ ಕುದುರೆ ಓಡಿಸುವ ಅಭ್ಯಾಸ, ಟ್ರ್ಯಾಕ್‌ವರ್ಕ್, ಮುಗಿಸಿ ಬಂದ ಮೇಲೆ ಎರಡು ಮೊಟ್ಟೆ, ಎರಡು ಬಿಳಿಭಾಗ. ಮಧ್ಯಾಹ್ನ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುದ್ದೆ, ಮೊಳಕೆಕಾಳಿನ ಬಸ್ಸಾರು, 150 ಗ್ರಾಂ ಕೋಳಿ. ರಾತ್ರಿ ಗಟ್ಟಿ ಮೊಸರು, ಪನೀರು.

ಇನ್ನು ಅನ್ನದ ಮಾತು. ಮುದ್ದೆ, ಕಾಳು, ಸೊಪ್ಪಿನ ನಾರು ನೀರು ಹಿಡಿದುಕೊಂಡು ಕರುಳಿನಲ್ಲೇ ಕೂತಿರುತ್ತದೆ. ಗುರುವಾರ, ಶುಕ್ರವಾರ ಅದನ್ನು ನಿಲ್ಲಿಸಿ ಬಿಳಿ ಅನ್ನದ ಗಂಜಿ, ಮೊಟ್ಟೆ, ಮೊಸರು ಕೊಟ್ಟರೆ ಶನಿವಾರ ಬೆಳಗ್ಗೆಗೆ 500 ಗ್ರಾಂ ತಾನಾಗಿಯೇ ಇಳಿದಿರುತ್ತದೆ. ಉಪ್ಪಿನಕಾಯಿ, ಹಪ್ಪಳ, ಹೋಟೆಲ್ ಸಾರು ಬಿಟ್ಟರೆ ಇನ್ನೂ 300. ಆ 500 ಕೊಬ್ಬೂ ಅಲ್ಲ, ರಕ್ತದ ನೀರೂ ಅಲ್ಲ. ಕಾಲಿನ ಶಕ್ತಿ ಹಾಗೇ ಇರುತ್ತದೆ. ಬುಧವಾರ ಬೆಳಗ್ಗೆ ಒಂದು ಕೆಜಿಗಿಂತ ಹೆಚ್ಚು ಬಾಕಿ ಇದ್ದರೆ ಆ ಸವಾರಿ ಒಪ್ಪಿಕೊಳ್ಳಬೇಡಿ. ಶುಕ್ರವಾರ ರಾತ್ರಿಯ ಗಂಜಿ ಎಷ್ಟು, ಎಷ್ಟು ಗಂಟೆಗೆ ಅನ್ನುವುದನ್ನು ಮಾತ್ರ ನನ್ನ ಹುಡುಗರಿಗೇ ಬಿಟ್ಟಿದ್ದೇನೆ.

ಕೆಟ್ಟದ್ದು ಎಲ್ಲಿ? ಮೊದಲ ಸೀಸನ್ನಿನಲ್ಲಿ 900 ರೂಪಾಯಿಯ ತಕ್ಕಡಿ. ಮೊಸಾಯಿಕ್ ನೆಲದ ಮೇಲೆ ಒಂದು ಮೂಲೆಗೂ ಇನ್ನೊಂದಕ್ಕೂ 400 ಗ್ರಾಂ ವ್ಯತ್ಯಾಸ. ಅದನ್ನು ನಂಬಿ ಒಬ್ಬನನ್ನು ಎರಡು ದಿನ ಸುಮ್ಮನೆ ಹಸಿವಿಗೆ ಕೆಡವಿದ್ದಾಯಿತು. ಈಗ ಆರು ಸಾವಿರದ್ದು. ಐದು ಕೆಜಿಯ ಬಟ್ಟು ಇಟ್ಟು ವಾರಕ್ಕೊಮ್ಮೆ ಪರೀಕ್ಷೆ. ಬೆವರಿನ ಸೂಟಿಗೆ ಹೋದ 1,500 ದಂಡ. ಮೈ ಅದ್ದಿ ಕೂರುವ ಬಿಸಿನೀರಿಗೆ ಕಲ್ಲುಪ್ಪು ಹಾಕಿ, ಹಾಕದೆ, ತೂಗಿ ನೋಡಿದೆ. ಇಪ್ಪತ್ತು ನಿಮಿಷಕ್ಕೆ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಬೆವರು. ಇನ್ನೊಂದು ಪ್ರಯೋಗ ಉಪಯೋಗಕ್ಕೆ ಬಂತು: ಮಲಗುವಾಗ ಒಮ್ಮೆ, ಬೆಳಗ್ಗೆ ಮೂತ್ರಕ್ಕೆ ಹೋಗಿಬಂದು ಒಮ್ಮೆ ತೂಗುವುದು. 600–800 ಗ್ರಾಂ ರಾತ್ರಿಯೇ ಹೋಗುತ್ತದೆ. ಅದು ಗೊತ್ತಿಲ್ಲದವರು ರಾತ್ರಿಯ ಅಂಕಿ ನೋಡಿ ಹೆದರಿ ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ ನುಂಗುತ್ತಾರೆ. ಆ ಮಾತ್ರೆ ಪೊಟ್ಯಾಸಿಯಮ್ ತೊಳೆದುಹಾಕಿ ಹೃದಯದ ಬಡಿತ ತಪ್ಪಿಸಬಹುದು, ಡೋಪ್ ಪರೀಕ್ಷೆಯಲ್ಲೂ ಸಿಕ್ಕಿಬೀಳುತ್ತದೆ. ಬ್ರಿಟನ್ನಿನ ರೇಸ್‌ಕೋರ್ಸ್‌ಗಳಲ್ಲಿ 2021ರಲ್ಲಿ ಸೌನಾಗಳನ್ನೇ ಕಾಯಂ ತೆಗೆದುಹಾಕಿದರು. ನಮ್ಮವರು ಇನ್ನೂ ಕಂಬಳಿ ಹೊದ್ದು ಕಾರಿನ ಹೀಟರ್ ಹಾಕುತ್ತಾರಲ್ಲ, ಸಂಕಟವಾಗುತ್ತದೆ.

ತಕ್ಕಡಿಗಿಂತ ಕಷ್ಟ ಕನ್ನಡಿ. ಕೆನ್ನೆಯ ಮೂಳೆ ಕಂಡರೆ “ಫಿಟ್ ಆಗಿದ್ದೀಯ” ಅನ್ನುವುದು, ಸ್ವಲ್ಪ ತುಂಬಿದರೆ “ಏನಪ್ಪಾ, ಮದುವೆ ಊಟನಾ?” ಅನ್ನುವುದು ಜಾಕಿ ರೂಮಿನ ವಾಡಿಕೆ. ಆ ಮಾತು ಕೇಳಿದವನು ಮರುದಿನ ಊಟ ಬಿಡುತ್ತಾನೆ. ನಮ್ಮಲ್ಲಿ ಅಂಥ ಮಾತಿಗೆ ಅವಕಾಶವಿಲ್ಲ. ದಿನಕ್ಕೆ ಒಂದೇ ಸಲ ತೂಕ, ಬರೆಯುವುದು ಏಳು ದಿನದ ಸರಾಸರಿ. ಸೀಸನ್ ಮುಗಿದ ಮೇಲೂ ತಟ್ಟೆ ದೂಡುವವನು, ಊಟವಾದ ಕೂಡಲೇ ಬಚ್ಚಲಿಗೆ ಹೋಗುವವನು, 51ಕ್ಕೆ ಬಂದರೂ ದಪ್ಪಗಿದ್ದೇನೆ ಅನ್ನುವವನು — ಇವರಿಗೆ ನನ್ನ ಗಂಜಿ ಮದ್ದಲ್ಲ. ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ, ತಡಮಾಡಬೇಡಿ. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಕೂಡ ವರ್ಷಕ್ಕೊಮ್ಮೆ ಮಾಡಿಸಿ. ಸುಮಾರು ಮೂರು ಸಾವಿರ. ಬಿದ್ದು ಮುರಿದ ಕಾಲರ್‌ಬೋನಿಗಿಂತ ಅಗ್ಗ.

ಕೊನೆಯ ರೇಸಿನ ತೂಕ ಕೊಟ್ಟ ಕೂಡಲೇ ಉಪ್ಪು ಹಾಕಿದ ಮಜ್ಜಿಗೆ ಅರ್ಧ ಲೀಟರ್, ಆಮೇಲೆ ಊಟ. ಸೋಮವಾರ ಬೆಳಗ್ಗೆ ತೂಕ ಒಂದು ಕೆಜಿಯೊಳಗೆ ಏರಿದ್ದರೆ ಸರಿ. ಎರಡು ಏರಿ, ಉಂಗುರ ಬೆರಳಿಗೆ ಬಿಗಿಯಾಗಿದ್ದರೆ ಅವನು ಶನಿವಾರ ನಿಮಗೆ ಹೇಳದೆ ಬೆವರು ಹರಿಸಿದ್ದಾನೆ.