ಅಡಿಕೆಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು? ಪದದ ಬೇರು ಹುಡುಕುವ ಬಗೆ

ಶಿರಸಿ ಸೀಮೆಯ ಮಕ್ಕಳು ತಮ್ಮ ತೋಟದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವಾಗ ಅಡಿಕೆಗೆ ‘ಬೀಟಲ್ ನಟ್’ ಎಂದು ಬರೆಯುವುದುಂಟು. ದೊಡ್ಡವರೂ ತಿದ್ದುವುದಿಲ್ಲ. ಕವಳದ (ಎಲೆಯಡಿಕೆಯ) ಬಟ್ಟಲು ಮತ್ತು ಒಂದು ಒಳ್ಳೆಯ ಇಂಗ್ಲಿಷ್ ನಿಘಂಟನ್ನು ಎದುರಿಗಿಟ್ಟುಕೊಂಡು ಕುಳಿತರೆ ಈ ಗೊಂದಲವನ್ನು ನೀವೇ ಬಿಡಿಸಬಹುದು.

ಮೊದಲು ‘ಬೀಟಲ್’ ಪದವನ್ನು ತೆಗೆಯಿರಿ. ಅರ್ಥವನ್ನಷ್ಟೇ ಓದಿ ಮುಚ್ಚಬೇಡಿ. ಪದದ ಮೂಲವನ್ನೂ ಅಲ್ಲಿಯೇ ಕೊಟ್ಟಿರುತ್ತಾರೆ. ಮಲಯಾಳಂನ ‘ವೆಟ್ಟಿಲ’ ಪೋರ್ಚುಗೀಸರ ಬಾಯಿಗೆ ಬಿದ್ದು ಇಂಗ್ಲಿಷಿಗೆ ಬಂದದ್ದು ಅದು. ವೆಟ್ಟಿಲ ಎಂದರೆ ವೀಳ್ಯದೆಲೆ. ಎಲೆಯ ಹೆಸರನ್ನು ಅಡಿಕೆಗೆ ಅಂಟಿಸಿದ್ದಾರೆ, ಅಷ್ಟೇ. ಅಡಿಕೆ ಮರಕ್ಕೇ ವೀಳ್ಯದ ಬಳ್ಳಿ ಹಬ್ಬಿಸುವ ನಮ್ಮವರಿಗೆ ಎರಡೂ ಬೇರೆಯೆಂದು ಹೇಳಬೇಕಾಗಿಲ್ಲ. 1886ರಲ್ಲಿ ಪ್ರಕಟವಾದ, ಭಾರತದ ಕಡೆಯಿಂದ ಇಂಗ್ಲಿಷಿಗೆ ಸೇರಿದ ಪದಗಳ ಹಾಬ್ಸನ್-ಜಾಬ್ಸನ್ ನಿಘಂಟು ಕೂಡ ಈ ಬಳಕೆ ಅಷ್ಟು ಸರಿಯಲ್ಲವೆಂದು ಆಗಲೇ ಹೇಳಿದೆ.

ಆಮೇಲೆ ‘ಅರೆಕಾ’ ತೆಗೆಯಿರಿ. ಮೂಲ ಮಲಯಾಳಂನ ‘ಅಡಯ್ಕ’. ದಾರಿ ಮತ್ತೆ ಪೋರ್ಚುಗೀಸ್. ಗಟ್ಟಿಯಾಗಿ ಹೇಳಿ ನೋಡಿ: ಅಡಕೆ, ಅಡಯ್ಕ, ಅರೆಕ. ನಾವು ನಾಲಿಗೆ ಮಡಚಿ ಹೇಳುವ ‘ಡ’ಕಾರ ಹೊರಗಿನವರ ಕಿವಿಗೆ ‘ರ’ದಂತೆ ಕೇಳಿಸುವುದುಂಟು. ಪಕೋಡ ಇಂಗ್ಲಿಷಿನಲ್ಲಿ ಪಕೋರಾ ಆಗಿರುವುದನ್ನು ನೆನೆಯಿರಿ. 1498ರಲ್ಲಿ ವಾಸ್ಕೊ ಡ ಗಾಮ ಬಂದಿಳಿದದ್ದು ಕಲ್ಲಿಕೋಟೆಯ ಬಳಿ, ಹಾಗಾಗಿ ಪದ ಮಲಯಾಳಂ ಸೀಮೆಯಿಂದ ಹಡಗು ಹತ್ತಿದ್ದು ಸಹಜ. ಕನ್ನಡದಿಂದಲೇ ಹೋಯಿತು ಎನ್ನಲು ನನಗೂ ಆಸೆಯಿದೆ, ಆದರೆ ನಿಘಂಟು ಹಾಗೆ ಹೇಳುವುದಿಲ್ಲ. ಅಡಿಕೆ, ಅಡಯ್ಕ ಎರಡೂ ಒಂದೇ ದ್ರಾವಿಡ ಮನೆತನದವು ಎನ್ನುವುದಂತೂ ನಿಜ. ನಮ್ಮ ಅಂಗಳದ ಪದದ ಅಕ್ಕತಂಗಿಯೊಂದು ಇಂಗ್ಲಿಷಿನಲ್ಲಿ ಕುಳಿತಿದೆ.

ಇನ್ನು ವೈಜ್ಞಾನಿಕ ಹೆಸರು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಮರವನ್ನು ‘ಅರೆಕಾ ಕ್ಯಾಟೆಚು’ ಎಂದು ಕರೆದ. ಕ್ಯಾಟೆಚು ಎಂದರೆ ಕವಳಕ್ಕೆ ಹಾಕುವ ಕಾಚು. ಆದರೆ ಕಾಚನ್ನು ಮುಖ್ಯವಾಗಿ ತೆಗೆಯುವುದು ಕಗ್ಗಲಿ ಮರದ ತಿರುಳನ್ನು ಕುದಿಸಿ. ಬಟ್ಟಲಿನಲ್ಲಿ ಜೊತೆಗಿರುವ ಪದಾರ್ಥಗಳ ಹೆಸರು ಹೀಗೆ ಒಂದಕ್ಕೊಂದು ಅಂಟಿಕೊಂಡಿವೆ.

ಬರೆಯುವಾಗ ಅಡಿಕೆಗೆ ‘ಅರೆಕಾ ನಟ್’ ಎನ್ನಿ. ಉಚ್ಚಾರದಲ್ಲಿ ‘ಆ್ಯರಿಕ’, ‘ಅರೀಕ’ ಎರಡೂ ಸಲ್ಲುತ್ತವೆ. ಮರದ ವಿಷಯದಲ್ಲಿ ಎಚ್ಚರವಿರಲಿ: ನರ್ಸರಿಗಳಲ್ಲಿ ‘ಅರೆಕಾ ಪಾಮ್’ ಎಂದು ಕುಂಡದಲ್ಲಿ ಮಾರುವ ಅಲಂಕಾರದ ಗಿಡ ಮಡಗಾಸ್ಕರ್ ಮೂಲದ ಬೇರೆಯೇ ಜಾತಿ. ನಮ್ಮ ಮರಕ್ಕೆ ‘ಅರೆಕಾ ನಟ್ ಪಾಮ್’ ಎಂದರೆ ಗೊಂದಲವಿಲ್ಲ. ಚಾಲಿ, ರಾಶಿ, ಬೆಟ್ಟೆ ಎಂಬ ಮಾರುಕಟ್ಟೆಯ ಹೆಸರುಗಳನ್ನು ಮಾತ್ರ ಅನುವಾದಿಸಲು ಹೋಗಬೇಡಿ. ಹಾಗೆಯೇ ಬರೆದು, ಚಾಲಿಯೆಂದರೆ ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿದದ್ದು ಎಂಬಂತೆ ಪಕ್ಕದಲ್ಲೇ ಒಂದು ಸಾಲಿನ ವಿವರಣೆ ಕೊಡಿ.