ರೆಟಿನಾದ ರಕ್ತನಾಳ ಕಟ್ಟಿಕೊಂಡರೆ ಏನು ಮಾಡಬೇಕು, ಲೇಸರ್ ಬಗ್ಗೆ ಏನು ಕೇಳಬೇಕು

ಒಂದು ಕಣ್ಣು ಇದ್ದಕ್ಕಿದ್ದಂತೆ ಮಂಕಾಯಿತಾ? ನೋವಿಲ್ಲ, ಕಣ್ಣು ಕೆಂಪಾಗಿಲ್ಲ, ಆದರೂ ಕಪ್ಪು ಪರದೆ ಬಿದ್ದ ಹಾಗಿದೆಯಾ? ಬೆಳಿಗ್ಗೆ ನೋಡಿಕೊಂಡರಾಯಿತು ಅಂತ ಮಲಗಬೇಡಿ. ಅಂಗೈಯಿಂದ ಒಂದೊಂದೇ ಕಣ್ಣು ಮುಚ್ಚಿ ನೋಡಿ, ಯಾಕಂದರೆ ಎರಡೂ ತೆರೆದಿದ್ದಾಗ ಚೆನ್ನಾಗಿರುವ ಕಣ್ಣು ಇನ್ನೊಂದರ ಕೊರತೆ ಗೊತ್ತಾಗದ ಹಾಗೆ ಮಾಡುತ್ತದೆ. ಶುರುವಾದ ಸಮಯ ಬರೆದುಕೊಳ್ಳಿ. ಸ್ಟ್ರೋಕ್‌ಗೆ ಚಿಕಿತ್ಸೆ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ, ಗಾಡಿ ನೀವೇ ಓಡಿಸಬೇಡಿ. ಹತ್ತು ನಿಮಿಷದಲ್ಲಿ ದೃಷ್ಟಿ ವಾಪಸ್ ಬಂದರೂ ಹೋಗಲೇಬೇಕು.

ಕಣ್ಣಿಗೆ ಸ್ಟ್ರೋಕ್ ಡಾಕ್ಟರ್ ಯಾಕೆ ಅಂತೀರಾ? ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರವೇ ರೆಟಿನಾ, ಅದಕ್ಕೆ ರಕ್ತ ತರುವ ನಾಳ ಕಟ್ಟಿಕೊಂಡರೆ ಅದೂ ಸ್ಟ್ರೋಕೇ. ಕುತ್ತಿಗೆಯ ರಕ್ತನಾಳದಿಂದಲೋ ಹೃದಯದಿಂದಲೋ ಕಿತ್ತು ಬಂದ ಕೊಬ್ಬಿನ ಚೂರು ಅಥವಾ ರಕ್ತದ ಹೆಪ್ಪು ಇವತ್ತು ಕಣ್ಣಿಗೆ ಹೋಗಿದೆ, ಮುಂದಿನದು ಮೆದುಳಿಗೆ ಹೋಗಬಹುದು. ಆ ಅಪಾಯ ಮೊದಲ ಕೆಲವು ದಿನಗಳಲ್ಲೇ ಜಾಸ್ತಿ. ಮಂಗಗಳ ಮೇಲಿನ ಪ್ರಯೋಗಗಳಲ್ಲಿ ಸುಮಾರು 97 ನಿಮಿಷದವರೆಗೆ ರಕ್ತ ನಿಂತರೂ ರೆಟಿನಾ ಚೇತರಿಸಿಕೊಂಡಿತ್ತು, 240 ನಿಮಿಷದ ಹೊತ್ತಿಗೆ ಹಾನಿ ಶಾಶ್ವತವಾಗಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದಿದ್ದರೂ ಸಾಮಾನ್ಯವಾಗಿ 4.5 ಗಂಟೆಯೊಳಗೆ, ಅದೂ ಎಲ್ಲರಿಗೂ ಅಲ್ಲ.

ವಯಸ್ಸು 50 ದಾಟಿದ್ದು, ಜೊತೆಗೆ ಹೊಸ ತಲೆನೋವು, ಅಗಿಯುವಾಗ ದವಡೆ ನೋವು, ತಲೆ ಬಾಚಿದರೆ ನೆತ್ತಿ ನೋವು ಇದ್ದರೆ ಡಾಕ್ಟರ್ ಕೇಳುವವರೆಗೆ ಕಾಯದೆ ನೀವೇ ಹೇಳಿ. ಅದು ರಕ್ತನಾಳದ ಉರಿಯೂತ ಇರಬಹುದು, ತಕ್ಷಣ ಸ್ಟಿರಾಯ್ಡ್ ಕೊಡದಿದ್ದರೆ ಇನ್ನೊಂದು ಕಣ್ಣೂ ಹೋಗಬಹುದು.

ಇನ್ನು ಲೇಸರ್. 'ಲೇಸರ್ ಮಾಡೋಣ' ಅಂದರೆ ಮೊದಲು ಕೇಳಬೇಕಾದ್ದು: ಯಾವ ಲೇಸರ್, ಯಾವುದಕ್ಕೆ? ಯಾಕಂದರೆ ಇಲ್ಲಿ ಎರಡು ಬೇರೆ ಬೇರೆ ಲೇಸರ್ ಇವೆ.

ಒಂದು, ಚೂರನ್ನು ಒಡೆಯುವ ಯಾಗ್ ಲೇಸರ್. ಮುಖ್ಯ ನಾಳ ಕಣ್ಣಿನ ನರದ ಒಳಗೇ ಕಟ್ಟಿಕೊಂಡಿದ್ದರೆ ಅಲ್ಲಿಗೆ ಇದು ತಲುಪುವುದಿಲ್ಲ. ಕವಲು ನಾಳದಲ್ಲಿ ಹಳದಿಯಾಗಿ ಹೊಳೆಯುವ ಚೂರು ತಪಾಸಣೆಯಲ್ಲಿ ಡಾಕ್ಟರಿಗೆ ಕಾಣುತ್ತಿದ್ದರೆ ಮಾತ್ರ ಯೋಚಿಸಬಹುದು. ಪಾಪೆ ಅಗಲವಾಗಲು, ಕಣ್ಣು ಮರಗಟ್ಟಲು ಡ್ರಾಪ್ಸ್ ಹಾಕುತ್ತಾರೆ. ಗದ್ದ ಆಸರೆಯ ಮೇಲಿಟ್ಟು ಕೂರಿಸಿ, ಕಣ್ಣಿನ ಮೇಲೆ ಲೆನ್ಸ್ ಇಟ್ಟು, ಚೂರಿಗೇ ಗುರಿಯಿಟ್ಟು ಹೊಡೆಯುತ್ತಾರೆ. ಆಗ ಅಲುಗಾಡಲೇಬಾರದು. ನಾಳವೇ ಹರಿದು ಕಣ್ಣೊಳಗೆ ರಕ್ತ ತುಂಬುವ ಅಪಾಯ ಇದೆ. ಇದು ರೂಢಿಯ ಚಿಕಿತ್ಸೆ ಅಲ್ಲ, ಕೆಲವೇ ಕೆಲವು ರೋಗಿಗಳ ವರದಿಗಳಷ್ಟೇ ಇವೆ. ಕವಲು ನಾಳ ಕಟ್ಟಿಕೊಂಡವರಲ್ಲಿ ಬಹಳಷ್ಟು ಜನರಿಗೆ ಲೇಸರ್ ಇಲ್ಲದೆಯೂ ನಡುವಿನ ದೃಷ್ಟಿ ಸಾಕಷ್ಟು ಉಳಿಯುತ್ತದೆ. ಅದಕ್ಕೇ ಧೈರ್ಯವಾಗಿ ಕೇಳಿ: ಚೂರು ಕಾಣ್ತಿದೆಯಾ? ಸತ್ತುಹೋಗದ ರೆಟಿನಾ ಇನ್ನೂ ಉಳಿದಿದೆಯಾ? ನೀವು ಇದನ್ನು ಮೊದಲು ಮಾಡಿದ್ದೀರಾ? ರಕ್ತ ಸೋರಿದರೆ ಮುಂದೇನು?

ಇನ್ನೊಂದು ಲೇಸರ್ ವಾರಗಳ ನಂತರದ್ದು. ರಕ್ತ ಸಿಗದ ರೆಟಿನಾದಿಂದಾಗಿ ಕೆಲವರಿಗೆ ಪಾಪೆಯ ಸುತ್ತ ಬೇಡದ ಹೊಸ ನಾಳಗಳು ಹುಟ್ಟಿ, ಕಣ್ಣಿನ ಒತ್ತಡ ಏರಿ, ವಿಪರೀತ ನೋವಿನ ಗ್ಲಾಕೋಮಾ ಆಗುತ್ತದೆ. ಅದನ್ನು ತಡೆಯಲು ರೆಟಿನಾದ ಅಂಚಿನ ಕಡೆ ಲೇಸರ್ ಕೊಡುತ್ತಾರೆ. ಹೋದ ದೃಷ್ಟಿ ಇದರಿಂದ ಬರುವುದಿಲ್ಲ. ಇದನ್ನು ಯಾರೂ ಬಿಡಿಸಿ ಹೇಳದೆ, ದೃಷ್ಟಿ ಬರುತ್ತೆ ಅಂತ ಆಸೆಯಿಂದ ಕಾದು ಕುಗ್ಗಿಹೋಗುವವರನ್ನು ನೋಡಿದರೆ ಸಂಕಟವಾಗುತ್ತದೆ.

ಕುತ್ತಿಗೆಯ ಸ್ಕ್ಯಾನ್, ಇಸಿಜಿ, ಎಕೋ, ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ ಯಾವುದನ್ನೂ ಬಿಡಬೇಡಿ. ಸಿಗರೇಟ್ ಇವತ್ತೇ ನಿಲ್ಲಿಸಿ. ಮೊದಲ ಕೆಲವು ತಿಂಗಳು ಕಣ್ಣಿನ ತಪಾಸಣೆ ತಪ್ಪಿಸಬೇಡಿ, ನಡುವೆ ಕಣ್ಣು ಕೆಂಪಾಗಿ ನೋವು ಬಂದರೆ ಕೊಟ್ಟ ದಿನಕ್ಕೆ ಕಾಯದೆ ಅವತ್ತೇ ಹೋಗಿ.