ವೋಚರ್ ಹಿಂದೆ ಏನಿದೆ ಅಂತ ನೋಡೋದು: ನನ್ನ ಸಿಎ ಆರ್ಟಿಕಲ್‌ಶಿಪ್ ಅನುಭವ

ಸಿಎ (ಚಾರ್ಟರ್ಡ್ ಅಕೌಂಟೆಂಟ್) ಕೋರ್ಸಿನ ನಡುವಿನ ಹಂತವಾದ ಇಂಟರ್ ಪಾಸಾದ ತಕ್ಷಣ ಎಲ್ಲರೂ ಕೇಳೋದು ಒಂದೇ: ಆರ್ಟಿಕಲ್‌ಶಿಪ್ (ಆಡಿಟ್ ಆಫೀಸಿನಲ್ಲಿ ಕೆಲಸ ಕಲಿಯುವ ಕಡ್ಡಾಯ ತರಬೇತಿ) ಎಲ್ಲಿ ಮಾಡ್ತೀಯ, ದೊಡ್ಡ ಫರ್ಮಾ, ಚಿಕ್ಕದಾ? ನಾನು ಎರಡರ ನಡುವಿನದ್ದನ್ನು ಆರಿಸಿಕೊಂಡೆ. ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆ ಮೆಟ್ರೋಗೆ ಹತ್ತಿರ. ಕೆಲವೇ ಪಾರ್ಟನರ್‌ಗಳು, ಹತ್ತು ಹನ್ನೆರಡು ಜನ ಆರ್ಟಿಕಲ್‌ಗಳು, ಅಂದ್ರೆ ನನ್ನಂತೆ ತರಬೇತಿಯಲ್ಲಿರುವವರು. ಈಗ ಎರಡನೇ ವರ್ಷ ಮುಗಿಯುತ್ತ ಬಂದಿದೆ. ಅಲ್ಲಿ ಕೆಲಸ ಹೇಗೆ ಕಲಿತೆ ಅಂತ, ಹೊಸದಾಗಿ ಸೇರಲು ಹೊರಟವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಆರ್ಟಿಕಲ್‌ಶಿಪ್ 3 ವರ್ಷ ಇತ್ತು. 2023ರ ಜುಲೈನಿಂದ ಹೊಸ ಪದ್ಧತಿ ಬಂದು 2 ವರ್ಷಕ್ಕೆ ಇಳಿದಿದೆ. ಇಂಟರ್‌ನ ಎರಡೂ ಗ್ರೂಪ್ ಮುಗಿದಿರಬೇಕು, ಐಸಿಐಟಿಎಸ್‌ಎಸ್ ಅನ್ನುವ ಕಂಪ್ಯೂಟರ್ ಮತ್ತು ಮಾತುಕತೆ ಕೌಶಲದ ತರಬೇತಿ ಆಗಿರಬೇಕು, ಆಮೇಲೆ ಸೇರಬಹುದು. 2 ವರ್ಷ ಮುಗಿಸಿ, ಇನ್ನು 6 ತಿಂಗಳು ಓದಿಗೆ ಅಂತ ಬಿಟ್ಟು, ಫೈನಲ್ ಪರೀಕ್ಷೆ. ಎಲ್ಲರಿಗೂ ಒಂದು ವರ್ಷ ಉಳಿಯಿತು ಅಂತ ಖುಷಿ. ನನಗೂ ಖುಷಿಯೇ. ಆದರೆ ಆಡಿಟ್ ಆಫೀಸಿನ ಕೆಲಸ ನಡೆಯೋದು ಸೀಸನ್ ಲೆಕ್ಕದಲ್ಲಿ. ಏಪ್ರಿಲ್‌ನಲ್ಲಿ ಬ್ಯಾಂಕ್ ಶಾಖೆಗಳ ಆಡಿಟ್. ಸೆಪ್ಟೆಂಬರ್ 30ರೊಳಗೆ ಟ್ಯಾಕ್ಸ್ ಆಡಿಟ್ ರಿಪೋರ್ಟ್, ಕಂಪನಿಗಳ ವಾರ್ಷಿಕ ಸಭೆ. ಡಿಸೆಂಬರ್‌ನಲ್ಲಿ ಜಿಎಸ್‌ಟಿ ವಾರ್ಷಿಕ ರಿಟರ್ನ್. ಮಾರ್ಚ್ 31ಕ್ಕೆ ಸ್ಟಾಕ್ ಎಣಿಕೆ. 2 ವರ್ಷ ಅಂದ್ರೆ ಇವೆಲ್ಲ ಎರಡೆರಡು ಸಲ ಮಾತ್ರ ಸಿಗುತ್ತವೆ. ಮೊದಲ ಸಲ ನೋಡುವುದರಲ್ಲೇ ಕಳೆದರೆ ಕೈಯಾರೆ ಮಾಡಲು ಇನ್ನೊಂದೇ ಸಲ. ಅದಕ್ಕೇ ಮೊದಲ ದಿನದಿಂದಲೇ ಸೈಟಿಗೆ ಹೋಗುವ ಕೆಲಸ ಕೊಡಿ ಅಂತ ಕೇಳಿ ಹಾಕಿಸಿಕೊಂಡೆ.

ಹಾಗೆ ಸಿಕ್ಕಿದ್ದೇ ಪೀಣ್ಯದ ಒಂದು ಕಾರ್ಖಾನೆಯ ಸ್ಟಾಕ್ ಎಣಿಕೆ. ಹಿತ್ತಾಳೆ, ಸ್ಟೀಲ್ ರಾಡ್ ತಂದು ಲೇಥ್‌ನಲ್ಲಿ ಬಿಡಿಭಾಗ ಮಾಡಿ ಕೊಡುವ ಜಾಗ. ಆರ್ಟಿಕಲ್‌ಶಿಪ್‌ನಲ್ಲಿ ನನಗೆ ಅತಿ ಹೆಚ್ಚು ಕಲಿಸಿದ ಕೆಲಸ ಇದೇ.

ಅವತ್ತು ಬೆಳಿಗ್ಗೆಯಿಂದ ಮಾಲು ಒಳಗೆ ಬರೋದು, ಹೊರಗೆ ಹೋಗೋದು ನಿಲ್ಲಿಸಿದ್ದರು. ಎಣಿಕೆಗೆ ಮುಂಚೆ ಮೊದಲು ಮಾಡಬೇಕಾದ್ದು ಕೊನೆಯ ನಂಬರ್‌ಗಳನ್ನು ಬರೆದುಕೊಳ್ಳೋದು. ಕೊನೆಯ ಜಿಆರ್‌ಎನ್ (ಮಾಲು ಬಂದದ್ದಕ್ಕೆ ಬರೆಯುವ ಚೀಟಿ) ಯಾವುದು, ಕೊನೆಯ ಇನ್‌ವಾಯ್ಸ್ ಯಾವುದು, ಕೊನೆಯ ಡೆಲಿವರಿ ಚಲನ್ ಯಾವುದು. ಇದಕ್ಕೆ ಕಟ್-ಆಫ್ ಅನ್ನುತ್ತಾರೆ. ಮಾರ್ಚ್ 31ರಂದು ಬಿಲ್ ಆಗಿರುವ ಮಾಲು ಇನ್ನೂ ಗೋಡೌನ್‌ನಲ್ಲೇ ಇದ್ದು, ಅದನ್ನೂ ಎಣಿಸಿದರೆ, ಅದು ಮಾರಾಟದಲ್ಲೂ ಬರುತ್ತದೆ, ಸ್ಟಾಕ್‌ನಲ್ಲೂ ಬರುತ್ತದೆ. ಲಾಭ ಸುಮ್ನೆ ಜಾಸ್ತಿ ಕಾಣುತ್ತದೆ.

ಆಮೇಲೆ ಎಣಿಕೆ. ಕಂಪನಿಯವರು ಎಣಿಸುತ್ತಾರೆ, ನಾವು ಪಕ್ಕದಲ್ಲಿ ನಿಂತು ನೋಡಿ, ಕೆಲವನ್ನು ನಾವೇ ಮತ್ತೆ ಎಣಿಸುತ್ತೇವೆ. ಸೀನಿಯರ್ ಮೇಡಂ ಹೇಳಿಕೊಟ್ಟ ಪದ್ಧತಿ ಹೀಗೆ. ಅರ್ಧ ಐಟಂಗಳನ್ನು ಕಂಪನಿಯವರ ಎಣಿಕೆ ಪಟ್ಟಿಯಿಂದ, ಅಂದ್ರೆ ಶೀಟ್‌ನಿಂದ, ಆರಿಸಿ ರ್‍ಯಾಕ್‌ನಲ್ಲಿ ಹುಡುಕಬೇಕು. ಇನ್ನರ್ಧವನ್ನು ರ್‍ಯಾಕ್‌ನಿಂದ ಆರಿಸಿ ಶೀಟ್‌ನಲ್ಲಿ ಹುಡುಕಬೇಕು. ಮೊದಲನೆಯದರಿಂದ ಬರೆದದ್ದೆಲ್ಲ ನಿಜವಾಗಿ ಇದೆಯಾ ಅಂತ ತಿಳಿಯುತ್ತದೆ. ಎರಡನೆಯದರಿಂದ ಇದ್ದದ್ದೆಲ್ಲ ಬರೆದಿದ್ದಾರಾ ಅಂತ ತಿಳಿಯುತ್ತದೆ. ಪುಸ್ತಕದಲ್ಲಿ ಇವೆರಡೂ ಒಂದೊಂದು ಸಾಲಿನ ವಿಷಯ. ಧೂಳು ತುಂಬಿದ ರ್‍ಯಾಕ್ ಮುಂದೆ ನಿಂತಾಗ ಇವೆರಡೂ ಬೇರೆ ಬೇರೆ ಪ್ರಶ್ನೆ ಅಂತ ಅರ್ಥವಾಯಿತು.

ಹಾಗೆ ಎರಡನೇ ರೀತಿ ನೋಡುವಾಗ ಗೋಡೆ ಪಕ್ಕ ನೀಲಿ ಕ್ರೇಟ್‌ಗಳ ಸಾಲು ಕಾಣಿಸಿತು. ಒಳಗೆ ಕಬ್ಬಿಣದ ಎರಕದ ತುಂಡುಗಳು. ಈ ಕಾರ್ಖಾನೆಯವರು ಕೊಳ್ಳುವುದು ರಾಡ್ ಮಾತ್ರ ಅಲ್ವಾ, ಇದು ಯಾಕಿದೆ ಅಂತ ಸ್ಟೋರ್ಸ್‌ನವರನ್ನು ಕೇಳಿದೆ. ನಮ್ಮಪ್ಪನಷ್ಟು ವಯಸ್ಸಿನವರು. "ಅದು ನಮ್ದಲ್ಲಮ್ಮ, ಪಾರ್ಟಿ ಮಾಲು. ಜಾಬ್ ವರ್ಕ್‌ಗೆ ಬಂದಿರೋದು. ಡ್ರಿಲ್ ಹೊಡೆದು ವಾಪಸ್ ಕೊಡ್ತೀವಿ" ಅಂದರು. ಕ್ರೇಟಿಗೆ ಕಟ್ಟಿದ್ದ ಚಲನ್ ಬಿಚ್ಚಿ ತೋರಿಸಿದರು. ಶೀಟ್ ನೋಡಿದರೆ ಆ ತುಂಡುಗಳೂ ಕಂಪನಿಯ ಸ್ಟಾಕ್‌ನಲ್ಲೇ ಸೇರಿದ್ದವು. ಶೀಟ್ ಬರೆದ ಹುಡುಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದಿದ್ದ.

ಅಲ್ಲಿಂದ ತಿರುಗಿಸಿ ಇನ್ನೊಂದು ಪ್ರಶ್ನೆ ಕೇಳಿದೆ: "ಹಾಗಾದ್ರೆ ಅಣ್ಣ, ನಿಮ್ಮ ಮಾಲು ಹೊರಗೆ ಎಲ್ಲೆಲ್ಲಿದೆ?" ಪ್ಲೇಟಿಂಗ್‌ಗೆ ಅಂತ ಹತ್ತಿರದ ಇನ್ನೊಂದು ಶೆಡ್‌ಗೆ ಹೋಗಿತ್ತು. ಅದು ಶೀಟ್‌ನಲ್ಲಿ ಇರಲೇ ಇಲ್ಲ. ಅವರ ಹತ್ತಿರ ಹೊರಗೆ ಕಳಿಸಿದ್ದಕ್ಕೆಲ್ಲ ಒಂದು ರಿಜಿಸ್ಟರ್ ಇತ್ತು, ಅಚ್ಚುಕಟ್ಟಾಗಿ ಬರೆದದ್ದು. ಜಿಎಸ್‌ಟಿ ಕಾನೂನಿನ 143ನೇ ಸೆಕ್ಷನ್ ಪ್ರಕಾರ ಹೀಗೆ ಜಾಬ್ ವರ್ಕ್‌ಗೆ ಕಳಿಸಿದ ಕಚ್ಚಾಮಾಲು 1 ವರ್ಷದೊಳಗೆ ವಾಪಸ್ ಬರಬೇಕು, ಅಥವಾ ಅಲ್ಲಿಂದಲೇ ಬಿಲ್ ಆಗಿ ಹೋಗಬೇಕು. ಹಾಗಾಗಿ ಆ ರಿಜಿಸ್ಟರ್ ಸ್ಟಾಕ್‌ಗೂ ಬೇಕು, ಜಿಎಸ್‌ಟಿಗೂ ಬೇಕು. ಪ್ಲೇಟಿಂಗ್‌ನವರಿಂದ ಇಷ್ಟು ಮಾಲು ನಮ್ಮಲ್ಲಿದೆ ಅಂತ ನೇರವಾಗಿ ಆಡಿಟರ್‌ಗೇ ಪತ್ರ ತರಿಸಿಕೊಂಡೆವು. ಪಾರ್ಟಿ ಮಾಲನ್ನು ಶೀಟ್‌ನಿಂದ ತೆಗೆಸಿದೆವು.

ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇಲ್ಲೇ ಇದೆ. ಆ ಎರಡೂ ವಿಷಯ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ಸ್ಟೋರ್ಸ್‌ನವರಿಗೆ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೆ. ಲೆಕ್ಕಪತ್ರ ನೋಡೋದನ್ನು ಕಾಲೇಜಿನಲ್ಲೂ ಕೋಚಿಂಗ್‌ನಲ್ಲೂ ಕಲಿಸುತ್ತಾರೆ. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಅನ್ನೋದನ್ನು ಆಫೀಸಿನಲ್ಲೇ ಕಲಿಯಬೇಕು.

ಕೇಳುವ ರೀತಿಗೆ ಇನ್ನೊಂದು ಉದಾಹರಣೆ. ಟ್ಯಾಕ್ಸ್ ಆಡಿಟ್‌ನಲ್ಲಿ ವೋಚಿಂಗ್ (ವೋಚರ್‌ಗಳನ್ನು ಲೆಕ್ಕದ ಜೊತೆ ತಾಳೆ ನೋಡೋದು) ಮಾಡುವಾಗ ಹಮಾಲಿ ಖರ್ಚಿನ ನಗದು ವೋಚರ್‌ಗಳು ರಾಶಿ ರಾಶಿ ಇರುತ್ತವೆ. ಆದಾಯ ತೆರಿಗೆಯಲ್ಲಿ ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಒಪ್ಪುವುದಿಲ್ಲ. ಸರಕು ಸಾಗಣೆಯವರಿಗಾದರೆ ಮಿತಿ 35,000. ಒಂದು ಕಡೆ ಒಬ್ಬನೇ ಮೇಸ್ತ್ರಿ ಹೆಸರಿನಲ್ಲಿ ಒಂದೇ ತಾರೀಖಿನ ಎರಡು ವೋಚರ್ ಇದ್ದವು, ಎರಡೂ 10,000ಕ್ಕೆ ಸ್ವಲ್ಪ ಕಡಿಮೆ. ವೋಚರ್ ಎರಡಾದರೂ ದಿನದ ಮೊತ್ತ ಕೂಡಿಸಿಯೇ ನೋಡಬೇಕು. ಕ್ಯಾಶಿಯರ್ ಹತ್ತಿರ ಹೋಗಿ "ಯಾಕೆ ಎರಡು ಮಾಡಿದ್ರಿ" ಅಂದರೆ ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ. "ಅವತ್ತು ಯಾವ ಲೋಡ್ ಬಂದಿತ್ತು ಸರ್? ಎಷ್ಟು ಜನ ಇಳಿಸಿದ್ರು?" ಅಂತ ಕೇಳಿದೆ. ಅವರೇ ಗೇಟ್ ರಿಜಿಸ್ಟರ್ ತಂದು ಕೊಟ್ಟರು. ಎರಡು ಲಾರಿ ಬಂದದ್ದು ನಿಜ, ಕೆಲಸ ಆಗಿದ್ದೂ ನಿಜ. ಹಣ ಪಡೆದದ್ದು ಒಬ್ಬನೇ ಮೇಸ್ತ್ರಿ. ಆದ್ದರಿಂದ ಖರ್ಚು ನಿಜವಾದರೂ ಟ್ಯಾಕ್ಸ್ ಆಡಿಟ್ ವಿವರ ತುಂಬುವ 3ಸಿಡಿ ಫಾರಂನಲ್ಲಿ ಅದನ್ನು ತೋರಿಸಲೇಬೇಕಾಯಿತು. ಕ್ಯಾಶಿಯರ್ ಬೇಸರ ಮಾಡಿಕೊಳ್ಳಲಿಲ್ಲ. ಮುಂದಿನ ಸಲದಿಂದ ಮೇಸ್ತ್ರಿ ಖಾತೆಗೇ ಹಾಕ್ತೀವಿ ಅಂದರು.

ನಮ್ಮೂರು ತಿಪಟೂರು. ಕೊಬ್ಬರಿ ಮಂಡಿ ನೋಡಿಕೊಂಡೇ ಬೆಳೆದದ್ದು. ತೂಕ, ಹಮಾಲಿ, ಕಮಿಷನ್, ಚೀಟಿಯಲ್ಲಿ ನಡೆಯುವ ಲೆಕ್ಕ ಇವೆಲ್ಲ ಹೊಸದಲ್ಲ. ಬೆಂಗಳೂರಿಗೆ ಬಂದಾಗ ಇಂಗ್ಲಿಷ್ ಚೆನ್ನಾಗಿ ಮಾತಾಡುವವರ ನಡುವೆ ಇದಕ್ಕೆಲ್ಲ ಬೆಲೆ ಇಲ್ಲ ಅಂತ ಅನೇಕರು ಅಂದುಕೊಳ್ಳುತ್ತಾರೆ. ಖಂಡಿತ ಇದೆ. ಏಪ್ರಿಲ್‌ನಲ್ಲಿ ಒಂದು ಬ್ಯಾಂಕ್ ಶಾಖೆಯ ಆಡಿಟ್‌ಗೆ ಹೋದಾಗ ಬೆಳೆಸಾಲದ ಫೈಲ್‌ಗಳೇ ಜಾಸ್ತಿ. ಒಂದೊಂದರಲ್ಲೂ ಪಹಣಿ. ಬ್ಯಾಂಕಿನ ಸಾಲ ಋಣದ ಕಾಲಂನಲ್ಲಿ ದಾಖಲಾಗಿದೆಯಾ, ಜಮೀನು ಸಾಲಗಾರರ ಹೆಸರಿನಲ್ಲೇ ಇದೆಯಾ, ಬೆಳೆ ಯಾವುದು, ಇವನ್ನೆಲ್ಲ ಪಹಣಿ ಓದಬಲ್ಲವರೇ ನೋಡಬೇಕು. ಬೆಳೆ ಯಾವುದು ಅನ್ನೋದು ಸಣ್ಣ ವಿಷಯ ಅಲ್ಲ. ಮಾಮೂಲಿ ಟರ್ಮ್ ಲೋನ್ ಆದರೆ ಕಂತು 90 ದಿನಕ್ಕಿಂತ ಜಾಸ್ತಿ ಬಾಕಿ ಉಳಿದರೆ ಎನ್‌ಪಿಎ, ಅಂದ್ರೆ ಕೆಟ್ಟ ಸಾಲ. ಬೆಳೆಸಾಲಕ್ಕೆ ಲೆಕ್ಕ ಬೇರೆ: ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು. ರಾಗಿಯೋ ಕಬ್ಬೋ ಅನ್ನೋದರ ಮೇಲೆ ಖಾತೆಯ ಗತಿ ನಿಂತಿರುತ್ತದೆ. ನಮ್ಮ ತಂಡದಲ್ಲಿ ಹೊರ ರಾಜ್ಯದಿಂದ ಬಂದ ಇಬ್ಬರು ಒಳ್ಳೆಯ ಆರ್ಟಿಕಲ್‌ಗಳಿದ್ದರು. ಆ ಫೈಲ್‌ಗಳೆಲ್ಲ ನನ್ನ ಮೇಜಿಗೇ ಬಂದವು. ಬದಲಿಗೆ ಅವರು ನನಗೆ ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ ಮಾಡೋದನ್ನು ಕೂರಿಸಿಕೊಂಡು ಕಲಿಸಿದರು. ಆಗ ಕಲಿತ ಎಕ್ಸೆಲ್ ಆಮೇಲೆ ಜಿಎಸ್‌ಟಿ 2ಬಿ ಮ್ಯಾಚಿಂಗ್‌ನಲ್ಲಿ (ಪೋರ್ಟಲ್‌ನ ಖರೀದಿ ಪಟ್ಟಿಯನ್ನು ಲೆಕ್ಕಪುಸ್ತಕದ ಜೊತೆ ತಾಳೆ ನೋಡೋದು) ದಿನವೂ ಕೈಹಿಡಿಯಿತು.

ಕೇಳಿದ್ದನ್ನು ಬರೆದಿಡೋದು ಇನ್ನೊಂದು ವಿದ್ಯೆ. ಮೇಡಂ ನನ್ನ ವರ್ಕಿಂಗ್ ಪೇಪರ್‌ಗಳನ್ನು (ಆಡಿಟ್‌ನಲ್ಲಿ ಮಾಡಿದ್ದನ್ನು ಬರೆದಿಡುವ ಹಾಳೆಗಳು) ಹಸಿರು ಪೆನ್ ಹಿಡಿದು ಓದುತ್ತಿದ್ದರು. "ವೋಚರ್‌ಗಳನ್ನು ಪರಿಶೀಲಿಸಲಾಗಿದೆ" ಅಂತ ಬರೆದರೆ ಅವರಿಗೆ ಸಾಲದು. ಯಾವ ತಿಂಗಳಿನವು, ಹೇಗೆ ಆರಿಸಿದ್ದು, ಯಾವುದರ ಜೊತೆ ತಾಳೆ ನೋಡಿದ್ದು, ಯಾರು ಏನು ಹೇಳಿದರು, ಅದಕ್ಕೆ ಕಾಗದ ಎಲ್ಲಿದೆ. ಎಲ್ಲವೂ ಇರಬೇಕು. ಆಡಿಟ್ ದಾಖಲೆಗಳ ಬಗ್ಗೆ ಎಸ್‌ಎ 230 ಎಂಬ ಆಡಿಟಿಂಗ್ ಮಾನದಂಡ ಹೇಳೋದೂ ಇದನ್ನೇ: ಈ ಆಡಿಟ್‌ಗೆ ಸಂಬಂಧವೇ ಇಲ್ಲದ ಇನ್ನೊಬ್ಬ ಅನುಭವಿ ಆಡಿಟರ್ ಓದಿದರೂ ಏನು ಮಾಡಿದ್ದೇವೆ, ಏನು ಕಂಡಿದ್ದೇವೆ ಅಂತ ತಿಳಿಯಬೇಕು. ಪಾರ್ಟನರ್ ಸಹಿ ಮಾಡುವ ಪ್ರತಿ ಆಡಿಟ್ ರಿಪೋರ್ಟ್‌ಗೂ ಈಗ ಅಕ್ಷರ, ಅಂಕಿ ಸೇರಿ 18 ಇರುವ ಯುಡಿಐಎನ್, ಅಂದ್ರೆ ಆ ರಿಪೋರ್ಟ್‌ಗೇ ಮೀಸಲಾದ ಗುರುತಿನ ನಂಬರ್, ಬೇಕು. ಆ ನಂಬರ್ ಹಾಕಿ ರಿಪೋರ್ಟ್ ಅಸಲಿಯಾ ಅಂತ ಯಾರು ಬೇಕಾದರೂ ನೋಡಬಹುದು. ಆ ಸಹಿಯ ಕೆಳಗೆ ನಾನು ಬರೆದ ಹಾಳೆಗಳೂ ಇವೆ ಅನ್ನೋದು ನನಗೆ ಹೆಮ್ಮೆ, ಅಷ್ಟೇ ಜವಾಬ್ದಾರಿ ಕೂಡ.

ಕಷ್ಟಗಳೂ ಇವೆ. ಸ್ಟೈಪೆಂಡ್‌ನಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟಿ ಬದುಕೋದು ಆಗದ ಮಾತು. ಮನೆಯವರು ದುಡ್ಡು ಕಳಿಸದಿದ್ದರೆ ನನಗೆ ಆಗುತ್ತಿರಲಿಲ್ಲ. ಹಳ್ಳಿಯಿಂದ ಬರುವ ಎಷ್ಟೋ ಮಕ್ಕಳಿಗೆ ಇದೇ ದೊಡ್ಡ ಅಡ್ಡಿ, ಇದು ಬದಲಾಗಲೇಬೇಕು. ಸೆಪ್ಟೆಂಬರ್‌ನಲ್ಲಿ ಕೊನೆಯ ಮೆಟ್ರೋ ಹಿಡಿಯೋದೇ ಮಾಮೂಲು. ಓದು ಏನಿದ್ದರೂ ಬೆಳಗಿನ ಜಾವ. ನನ್ನ ಗೆಳತಿಯೊಬ್ಬಳು ಬೇರೆ ಕಡೆ ಸೇರಿ, ತಿಂಗಳುಗಟ್ಟಲೆ ಬರೀ ಟಿಡಿಎಸ್ ರಿಟರ್ನ್ ಎಂಟ್ರಿ ಮಾಡುತ್ತ ಕೂತಿದ್ದಳು. ಒಮ್ಮೆಯೂ ಕ್ಲೈಂಟ್ ಜಾಗ ನೋಡಿರಲಿಲ್ಲ. 2 ವರ್ಷದಲ್ಲಿ ಅಷ್ಟು ತಿಂಗಳು ಹೋಯಿತು ಅಂದ್ರೆ ನಷ್ಟ ಸಣ್ಣದಲ್ಲ.

ಹಾಗಾಗಿ ಇಂಟರ್‌ವ್ಯೂಗೆ ಹೋದಾಗ ಅವರು ಕೇಳುವುದಕ್ಕೆ ಉತ್ತರ ಹೇಳಿ ಎದ್ದು ಬರಬೇಡಿ, ನೀವೂ ಕೇಳಿ. ಕ್ಲೈಂಟ್‌ಗಳಲ್ಲಿ ಕಾರ್ಖಾನೆ ಎಷ್ಟು, ವ್ಯಾಪಾರದವರು ಎಷ್ಟು? ಮೊದಲ ವರ್ಷದವರನ್ನು ಸ್ಟಾಕ್ ಎಣಿಕೆಗೆ ಕಳಿಸ್ತೀರಾ? ಬ್ಯಾಂಕ್ ಆಡಿಟ್ ಇದೆಯಾ? ನನ್ನ ವರ್ಕಿಂಗ್ ಪೇಪರ್ ಓದಿ ತಿದ್ದುವವರು ಯಾರು? ಪರೀಕ್ಷೆಗೆ ರಜೆ ಹೇಗೆ ಕೊಡ್ತೀರಾ? ಸಾಧ್ಯವಾದರೆ ಅಲ್ಲೇ ಇರುವ ಒಬ್ಬ ಆರ್ಟಿಕಲ್ ಹತ್ತಿರ ಹೊರಗೆ ಟೀ ಕುಡಿಯುತ್ತ ಐದು ನಿಮಿಷ ಮಾತಾಡಿ. ಹೋದ ತಿಂಗಳು ಏನು ಕೆಲಸ ಮಾಡಿದ್ರಿ ಅಂತ ಕೇಳಿ ನೋಡಿ. ಫರ್ಮ್‌ನ ಹೆಸರು ಎಷ್ಟೇ ದೊಡ್ಡದಿರಲಿ, ನಾನಾದರೆ ಆ ಉತ್ತರ ಕೇಳಿದ ಮೇಲೆಯೇ ಸೇರಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತೇನೆ.